ಕಾಲಿಂಚಿನ ಕಾಲುವೆ, ಎಡಬಾಗಿಲು

ತಾನೇ ನೀರು ಎಳೆದುಕೊಂಡು ಐಸು ಮಾಡುವ ಫ್ರಿಜ್ಜಿಗೆ ಕರೆಂಟು ಕೊಡುವ ಮೊದಲು ಈ ಕೈಪಿಡಿ ಓದಿ. ಕೊಟ್ಟಾಗಿದ್ದರೂ ಓದಿ, ಇದನ್ನು ಬರೆದವನೂ ಎಲ್ಲ ಎಡವಟ್ಟು ಮುಗಿಸಿಕೊಂಡೇ ಕೂತವನು. ಪೆಟ್ಟಿಗೆಯೊಳಗೆ ಬಂದ ಪುಸ್ತಕ ತಪ್ಪೇನಲ್ಲ. ಗೋಡೆ ಮುಟ್ಟಿದರೆ ಸಾಕು, ಹಗಲೂ ರಾತ್ರಿ ರಭಸದಿಂದ ನೀರು ಬರುವ ಊರಿನವರಿಗಾಗಿ ಬರೆದದ್ದು, ಅಷ್ಟೆ.

ಬೇಕಾಗುವ ಸಾಮಾನು: ಆರ್‌ಓಗೆ ಹಾಕುವ ಕಾಲಿಂಚಿನ ಬಿಳಿ ಪೈಪು, ಒಂದು ಟೀ (ಕುಡಿಯುವುದಲ್ಲ, ಪೈಪು ಕವಲಾಗಿಸುವುದು), ಸಣ್ಣ ವಾಲ್ವು, ಬಿಳಿ ಟೇಪು, ಸ್ಟಾರ್ ಸ್ಕ್ರೂಡ್ರೈವರು, ಒಂದು ಸೆಟ್ ಸ್ಪ್ಯಾನರು, ಹಳೇ ಬೆಡ್‌ಶೀಟು, ಫ್ರಿಜ್ ಹಿಡಿಯಲು ಇಬ್ಬರು ನೆಂಟರು. ಇಬ್ಬರೂ ಒಂದೇ ತಾಲ್ಲೂಕಿನವರಾಗಿರಲಿ. ನಾನು ಕುಣಿಗಲ್ಲಿನ ಭಾವಮೈದನನ್ನೂ ಗುಬ್ಬಿಯ ಚಿಕ್ಕಪ್ಪನನ್ನೂ ಒಟ್ಟಿಗೆ ಕರೆದೆ.

ಹಂತ 1. ನೀರಿನ ಮೂಲ ಗುರುತಿಸಿ. ಹಾಸನ ಜಿಲ್ಲೆಯ ಗೊರೂರಿಗೆ ಹೋಗಿ. ಅಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟಿದೆ. ಎಡದಂಡೆ ನಾಲೆ ಹಿಡಿದು ಬನ್ನಿ, ಬಾಗೂರು-ನವಿಲೆ ಸುರಂಗ ದಾಟಿ, ತುಮಕೂರು ನಾಲೆಗೆ ಬಿದ್ದು, ಗುಬ್ಬಿ ತಾಲ್ಲೂಕು ಹಾಯ್ದು ಬುಗುಡನಹಳ್ಳಿ ಕೆರೆ ತಲುಪಿ. ಅಲ್ಲಿಂದ ಊರಿನ ಕೊಳಾಯಿ, ಕೊಳಾಯಿಯಿಂದ ಸಂಪು, ಸಂಪಿನಿಂದ ಮೋಟಾರು, ಮೋಟಾರಿನಿಂದ ತಾರಸಿಯ ಕಪ್ಪು ಟ್ಯಾಂಕು. ಇಷ್ಟು ದೂರ ಬಂದ ನೀರಿಗೆ ಇನ್ನು ಉಳಿದದ್ದು ಕಾಲಿಂಚಿನ ದಾರಿ. ಜಗಳ ಶುರುವಾಗುವುದು ಅಲ್ಲೇ.

ಹಂತ 2. ಟೀ ಹಾಕಿ. ಸಿಂಕಿಗೆ ಹೋಗುವ ಪೈಪಿನ ನಡುವೆ ಟೀ ಕೂರಿಸಿ ಫ್ರಿಜ್ಜಿಗೆ ಒಂದು ಕವಲು ಕೊಡಬೇಕು. ನಾನು ಪೈಪಿಗೆ ಗುರುತು ಹಾಕುತ್ತಿದ್ದಂತೆ ಭಾವಮೈದ ತಡೆದ.

“ಬೇಡ ಭಾವ. ನಡುವೆ ಕವಲು ಬಿಟ್ರೆ ಕೊನೇಲಿರೋರಿಗೆ ಹನಿ ನೀರೂ ಬರಲ್ಲ. ಟ್ಯಾಂಕಿಂದ ನೇರ ಒಂದು ಪೈಪ್ ಎಳೀರಿ.”

ಬೆಡ್‌ಶೀಟು ಮಡಚುತ್ತಿದ್ದ ಚಿಕ್ಕಪ್ಪ ತಲೆ ಎತ್ತಿದರು. “ನೇರ ಎಳೆದ್ರೆ ನಡುವಿನೋರು ಏನು ಕುಡೀಬೇಕಪ್ಪಾ?”

ಅವರಿಬ್ಬರೂ ಮಾತಾಡುತ್ತಿದ್ದದ್ದು ಫ್ರಿಜ್ಜಿನ ಬಗ್ಗೆ ಅಲ್ಲವೆಂದು ಹೊರಗಿನವರಿಗೆ ಹೇಳಬೇಕು. ಕುಣಿಗಲ್ ಇರುವುದು ನಾಲೆಯ ಬಾಲದಲ್ಲಿ. ನೀರು ಅಲ್ಲಿಯವರೆಗೆ ಸಾಕಷ್ಟು ಬರುತ್ತಿಲ್ಲ, ಆದ್ದರಿಂದ ಮಧ್ಯದಿಂದಲೇ ನೇರ ಪೈಪಿನಲ್ಲಿ ಒಯ್ಯಬೇಕೆಂಬುದು ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆ. ಒಯ್ದರೆ ನಮ್ಮ ಕೆರೆಗಳ ಗತಿಯೇನೆಂದು 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನಲ್ಲಿ ರೈತರು ಬೀದಿಗಿಳಿದರು, ನಿಷೇಧಾಜ್ಞೆಯೂ ಇತ್ತು. ಇಬ್ಬರ ಮಾತಿನಲ್ಲೂ ನ್ಯಾಯ ಇದೆಯೆಂದು ನಾನು ಅಂದೆ. ಅದನ್ನು ನೀವು ಅನ್ನಬೇಡಿ. ಆಮೇಲೆ ಫ್ರಿಜ್ ಹಿಡಿಯಲು ಯಾರೂ ಇರುವುದಿಲ್ಲ.

ಹಂತ 3. ಒತ್ತಡ ನೋಡಿಕೊಳ್ಳಿ. ಫ್ರಿಜ್ಜಿನ ಐಸ್ ಯಂತ್ರಕ್ಕೆ ನೀರು ಬಿಡುವ ವಾಲ್ವು ಸಾಮಾನ್ಯವಾಗಿ ಕೇಳುವುದು 20 ಪಿಎಸ್‌ಐ, ಅಂದರೆ 1.4 ಬಾರ್. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಹೆಚ್ಚುಕಡಿಮೆ ಒಂದು ಬಾರ್. ನಮ್ಮ ಟ್ಯಾಂಕು ಇರುವುದು 7 ಮೀಟರ್ ಮೇಲೆ. ಆದ್ದರಿಂದ ಮನೆ ಮೇಲೆ ಇನ್ನೆರಡು ಅಂತಸ್ತು ಕಟ್ಟಿ. ಆಗದಿದ್ದರೆ ಬೂಸ್ಟರ್ ಪಂಪು ಕೂರಿಸಿ. ಎರಡೂ ಬೇಡವೆಂದು ಹಾಗೇ ಜೋಡಿಸಿದರೆ ಐಸು ಟೊಳ್ಳಾಗಿ ಬರುತ್ತದೆ. ವಾಲ್ವು ಬಿಗಿಯಾಗಿ ಮುಚ್ಚಲು ನೀರಿನ ಒತ್ತಡವೇ ನೆರವಾಗಬೇಕಾದ್ದರಿಂದ, ಒತ್ತಡ ಸಾಲದಿದ್ದರೆ ರಾತ್ರಿಯಿಡೀ ತೊಟ್ಟಿಕ್ಕುತ್ತದೆ. ಬೋರ್‌ವೆಲ್ ನೀರಾದರೆ ಸುಣ್ಣದಂಥ ಬಿಳಿ ಪದರ ವಾಲ್ವಿನೊಳಗೂ ಕೂರುತ್ತದೆ. ಫಿಲ್ಟರನ್ನು ಆರು ತಿಂಗಳಿಗೊಮ್ಮೆ ಬದಲಿಸಿ.

ಹಂತ 4. ಬಾಗಿಲು ತಿರುಗಿಸಿ. ನಮ್ಮ ಅಡುಗೆಕಟ್ಟೆ ಫ್ರಿಜ್ಜಿನ ಬಲಕ್ಕಿದೆ. ಬಾಗಿಲೂ ಬಲಕ್ಕೇ ತೆರೆದುಕೊಳ್ಳುತ್ತಿದ್ದರಿಂದ ಹಾಲು ತೆಗೆದವರು ಬಾಗಿಲನ್ನು ಸುತ್ತಿ ಒಲೆಗೆ ಬರಬೇಕಿತ್ತು. ಸ್ಪ್ಯಾನರು ಮುಟ್ಟುವ ಮೊದಲು ಎಡಭಾಗದಲ್ಲಿ ಕೀಲಿನ ತೂತುಗಳಿವೆಯೇ ನೋಡಿ. ಇಲ್ಲದಿದ್ದರೆ ಸುಮ್ಮನಾಗಿ. ಅಕ್ಕಪಕ್ಕ ಜೋಡಿಬಾಗಿಲಿರುವ ಫ್ರಿಜ್ ಆದರೂ ಸುಮ್ಮನಾಗಿ.

ಪ್ಲಗ್ ಕಿತ್ತು ಒಳಗಿನದ್ದೆಲ್ಲ ಹೊರಗಿಡಿ. ಇದು ಹತ್ತು ನಿಮಿಷದ ಕೆಲಸವೆಂದು ಪುಸ್ತಕ ಹೇಳುತ್ತದೆ. ಬರೆದವರ ಫ್ರಿಜ್ಜಿನಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಇರಲಿಕ್ಕಿಲ್ಲ. ನಮ್ಮದರಿಂದ ಹೊರಬಂದವು: ತುಪ್ಪಕ್ಕೆಂದು ಕೂಡಿಟ್ಟ ಹದಿನೈದು ದಿನದ ಕೆನೆ, ಎರಡು ಡಬ್ಬಿ ದೋಸೆಹಿಟ್ಟು, ಅಮ್ಮನ ಇನ್ಸುಲಿನ್, ಹುಣಸೆ ತೊಕ್ಕು, ಯಾರ ಮದುವೆಯದೋ ಮೆಹಂದಿ ಕೋನ್, ಚಿಕ್ಕಪ್ಪ ಚೇಳೂರಿನಿಂದ ತಂದಿದ್ದ ಸಿದ್ದು ಹಲಸಿನ ಕೆಂಪು ತೊಳೆ. ತೊಳೆ ಕಂಡದ್ದೇ ಕಾಲುವೆಯ ಮಾತು ನಿಂತಿತು. ಬಿಡಿಸಿಟ್ಟ ಹಲಸಿಗೆ ಹೇಮಾವತಿಗಿಂತ ಒಳ್ಳೆಯ ರಾಜಿ ಮಾಡಿಸುವ ಶಕ್ತಿಯಿದೆ.

ಆಮೇಲೆ ಮೇಲಿನ ಕೀಲಿನ ಮುಚ್ಚಳ ತೆಗೆದು ಬೋಲ್ಟು ಬಿಚ್ಚಿ, ಬಾಗಿಲನ್ನು ನೇರ ಮೇಲಕ್ಕೆತ್ತಿ ಬೆಡ್‌ಶೀಟಿನ ಮೇಲಿಡಿ. ಕೆಳಗಿನ ಕೀಲು, ಗೂಟ, ಹಿಡಿ, ತೂತು ಮುಚ್ಚುವ ಬಿರಡೆ, ಎಲ್ಲವೂ ಎದುರು ಬದಿಗೆ ಹೋಗಬೇಕು. ಕೊನೆಗೆ ಒಂದು ಸ್ಕ್ರೂ ಮಿಗುತ್ತದೆ. ಎಸೆಯಬೇಡಿ. ಫ್ರಿಜ್ಜನ್ನು ಅಡ್ಡ ಮಲಗಿಸಿದ್ದರೆ ಕೆಲವು ಗಂಟೆ ನಿಲ್ಲಿಸಿಟ್ಟು, ಕಂಪ್ರೆಸರಿನ ಎಣ್ಣೆ ಕೆಳಗಿಳಿದ ಮೇಲೆ ಕರೆಂಟು ಕೊಡಿ. ಮುಂದಿನ ಕಾಲು ಒಂದಿಷ್ಟು ಎತ್ತರವಿದ್ದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಹತ್ತು ರೂಪಾಯಿ ನೋಟನ್ನು ರಬ್ಬರಿಗೆ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ತಣ್ಣಗಿನ ಗಾಳಿಯೂ ಹಾಗೇ ಹೋಗುತ್ತಿದೆ.

ಮನೆಯವರ ಕೈ ತಿರುಗಿಸುವ ಕ್ರಮ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಅಮ್ಮ ಇವತ್ತಿಗೂ ಮೊದಲು ಕೀಲಿನ ಕಡೆ ಎಳೆದು, ಬೈದು, ಆಮೇಲೆ ಈ ಕಡೆ ಬರುತ್ತಾರೆ.

ಪೈಪು ನೇರವೋ ಟೀಯೋ ಇನ್ನೂ ತೀರ್ಮಾನವಾಗಿಲ್ಲ. ಸುರುಳಿ ಸುತ್ತಿ ಸಿಂಕಿನ ಕೆಳಗಿಟ್ಟಿದೆ. ಫ್ರಿಜ್ಜಿನಲ್ಲಿ ನೀರು ಬಾಟಲಿಯಲ್ಲಿದೆ. ಕೊನೆಯವರು ಕುಡಿದಾದ ಮೇಲೆ ದಯವಿಟ್ಟು ತುಂಬಿಸಿಡಿ.