ಹೆಸರು ಕೊರೆಯುವ ಸ್ವಾತಂತ್ರ್ಯ

ಸ್ಟೀಲ್ ಪಾತ್ರೆ ಕೊಂಡೊಡನೆ ಅದರ ಮೇಲೆ ಹೆಸರು ಕೊರೆಸದೆ ಅಂಗಡಿಯ ಮೆಟ್ಟಿಲನ್ನೇ ಇಳಿಯದ ಗೃಹಿಣಿಯರ ವಂಶದಲ್ಲಿ ಜನಿಸಿದ ನನಗೆ, ಎಚ್‌ಟಿಎಂಎಲ್ ಶಾಸ್ತ್ರದ ಸಮಸ್ತ ವಿಧಿಗಳಲ್ಲಿ ಪರಮಪ್ರಿಯವಾದುದು ‘ಡೇಟಾ-’ ಎಂಬ ಆಟ್ರಿಬ್ಯೂಟು. ಕೊರೆದ ಹೆಸರಿನಿಂದ ಸಾರಿನ ರುಚಿ ಹೆಚ್ಚದು, ತಗ್ಗದು. ಆದರೆ ಮದುವೆಮನೆಯ ಪಾತ್ರೆಗಳ ರಾಶಿಯಲ್ಲಿ ನಮ್ಮದನ್ನು ಹುಡುಕಿ ತೆಗೆಯಲು ಅದೊಂದೇ ಸಾಕ್ಷಿ. ಈ ಆಟ್ರಿಬ್ಯೂಟೂ ಹಾಗೆಯೇ: ಬ್ರೌಸರು ಅದಕ್ಕೆ ತಾನಾಗಿ ಯಾವ ಅರ್ಥವನ್ನೂ ಕೊಡದಿದ್ದರೂ, ನೂರಾರು ಬಟನ್‌ಗಳ ನಡುವೆ ಬೇಕಾದುದೊಂದನ್ನು ಹಿಡಿಯಬೇಕಾದ ಪರೀಕ್ಷಕರು ‘ಡೇಟಾ-ಟೆಸ್ಟ್‌ಐಡಿ’ಯ ಆಶ್ರಯವನ್ನೇ ಪಡೆಯುತ್ತಾರೆ.

2014ರಲ್ಲಿ ಡಬ್ಲ್ಯೂ3ಸಿ ಸಂಸ್ಥೆ ಎಚ್‌ಟಿಎಂಎಲ್5 ಅನ್ನು ಪ್ರಮಾಣವೆಂದು ಘೋಷಿಸಿದಾಗ ‘ಡೇಟಾ-’ ಎಂದ ಮೇಲೆ ಇಷ್ಟಬಂದ ಹೆಸರು ಕೊರೆಯುವ ಈ ಸ್ವಾತಂತ್ರ್ಯಕ್ಕೂ ಅಧಿಕೃತ ಮುದ್ರೆ ಬಿದ್ದಿತು. ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ರಿಯಾಕ್ಟ್ ಮಹಾಶಯನೂ ಇದನ್ನು ಗೌರವಿಸುತ್ತಾನೆ. ‘ಕ್ಲಾಸ್’ ಎಂದು ಬರೆದರೆ ‘ಕ್ಲಾಸ್‌ನೇಮ್’ ಎನ್ನಬೇಕೆಂದೂ, ‘ಫಾರ್’ ಎಂದರೆ ‘ಎಚ್‌ಟಿಎಂಎಲ್‌ಫಾರ್’ ಎನ್ನಬೇಕೆಂದೂ ವೈಯಾಕರಣಿಯಂತೆ ತಿದ್ದುವ ಆತ, ತನಗೆ ಪರಿಚಯವಿಲ್ಲದ ಆಟ್ರಿಬ್ಯೂಟುಗಳನ್ನು 2017ರ 16ನೆಯ ಆವೃತ್ತಿಯವರೆಗೂ ಹೊರಗೇ ನಿಲ್ಲಿಸುತ್ತಿದ್ದ ಆತ, ‘ಡೇಟಾ-’ ಎಂಬ ಉಪಸರ್ಗವನ್ನು ಕಂಡೊಡನೆ ಕುಲಗೋತ್ರ ವಿಚಾರಿಸದೆ, ನಡುವಣ ಅಡ್ಡಗೆರೆಯನ್ನೂ ಅಳಿಸದೆ, ಒಳಗೆ ಬಿಡುತ್ತಿದ್ದನು.

ಆದರೆ ಈ ಔದಾರ್ಯದಲ್ಲಿ ಒಂದು ತೊಡಕಿದೆ. ನಮ್ಮ ಕಛೇರಿಯ ತರುಣನೊಬ್ಬನು ಒಂದು ದಿನ ಖಿನ್ನವದನನಾಗಿ ಬಂದು, “ಸಾರ್, ಡೇಟಾ-ಓಪನ್‌ಗೆ ಫಾಲ್ಸ್ ಅಂತಲೇ ಕೊಟ್ಟಿದ್ದೇನೆ, ಆದರೂ ಮೆನು ಬಾಯಿ ತೆರೆದುಕೊಂಡೇ ಕೂತಿದೆಯಲ್ಲ!” ಎಂದನು. ‘ಹಿಡನ್’ ಮೊದಲಾದವುಗಳಿಗೆ ಫಾಲ್ಸ್ ಕೊಟ್ಟರೆ ರಿಯಾಕ್ಟ್ ಆ ಆಟ್ರಿಬ್ಯೂಟನ್ನೇ ಕೈಬಿಡುತ್ತದೆ; ‘ಡೇಟಾ-’ಗೆ ಕೊಟ್ಟರೆ ಮಾತ್ರ, ಪರಮನಿಷ್ಠೆಯ ಲಿಪಿಕಾರನಂತೆ, ‘ಫಾಲ್ಸ್’ ಎಂಬ ಅಕ್ಷರಮಾಲೆಯನ್ನೇ ಬರೆದಿಡುತ್ತದೆ. ಜಾವಾಸ್ಕ್ರಿಪ್ಟಿನ ನ್ಯಾಯಾಸ್ಥಾನದಲ್ಲಿ ಬರಿದಲ್ಲದ ಅಕ್ಷರಮಾಲೆಯೆಲ್ಲವೂ ಸತ್ಯವೇ ಆದುದರಿಂದ, ‘ಅಸತ್ಯ’ವೆಂಬ ಹೆಸರನ್ನೇ ಹೊತ್ತವನು ಸತ್ಯಸಂಧನೆಂದು ಬಿಡುಗಡೆ ಹೊಂದುತ್ತಾನೆ. ಇಲ್ಲವೆನ್ನಬೇಕಾದಲ್ಲಿ ಫಾಲ್ಸ್ ಬೇಡ, ‘ಅನ್‌ಡಿಫೈನ್ಡ್’ ಕೊಡು, ಆಟ್ರಿಬ್ಯೂಟೇ ಮೂಡದು ಎಂದೆನು. “ಇಲ್ಲ ಎನ್ನುವುದಕ್ಕೂ ಇಷ್ಟು ಬಗೆಯೇ, ಸಾರ್?” ಎಂದನು. ಸಾಲ ಕೇಳಿ ಬಂದವರಿಗೆ ಉತ್ತರಿಸುವ ವಯಸ್ಸು ಅವನಿಗಿನ್ನೂ ಬಂದಿರಲಿಲ್ಲ.

ಹೆಸರಿಡುವುದಕ್ಕೂ ನಿಯಮವುಂಟು: ಇಂಗ್ಲಿಷಿನ ದೊಡ್ಡಕ್ಷರಗಳು ನಿಷಿದ್ಧ. ‘ಡೇಟಾ-ಯೂಸರ್-ನೇಮ್’ ಎಂದು ಅಡ್ಡಗೆರೆಯಿಟ್ಟು ಬರೆದುದನ್ನು ಜಾವಾಸ್ಕ್ರಿಪ್ಟಿನ ‘ಡೇಟಾಸೆಟ್’ ಮೂಲಕ ಓದುವಾಗ ಗೆರೆ ಮಾಯವಾಗಿ, ‘ನೇಮ್’ನ ಮೊದಲಕ್ಷರ ತಾನಾಗಿಯೇ ದೊಡ್ಡದಾಗುತ್ತದೆ. ದೊಡ್ಡಕ್ಷರ ಸಣ್ಣಕ್ಷರಗಳೆಂಬ ಭೇದವನ್ನೇ ಅರಿಯದ ನಮ್ಮ ಕನ್ನಡ ಲಿಪಿಗಾದರೋ ಈ ನಿಷೇಧ ತಟ್ಟುವುದೇ ಇಲ್ಲ. ‘ಡೇಟಾ-’ ಎಂದು ಇಂಗ್ಲಿಷಿನಲ್ಲಿ ಬರೆದ ಮೇಲೆ ‘ಹೆಸರು’ ಎಂದು ಅಚ್ಚಕನ್ನಡದಲ್ಲಿಯೇ ಮುಂದುವರಿಸಲು ಶಾಸ್ತ್ರದ ಪೂರ್ಣ ಸಮ್ಮತಿಯಿದೆ. ಸಮ್ಮತಿಯಿಲ್ಲದಿರುವುದು ಕೋಡ್ ರಿವ್ಯೂ ಮಾಡುವ ಹಿರಿಯರದು. ಶಾಸ್ತ್ರಕ್ಕಿಂತ ರೂಢಿಯೇ ಬಲವತ್ತರವೆಂದು ಪೂರ್ವಿಕರು ಹೇಳಿದುದು, ಎಚ್‌ಟಿಎಂಎಲ್ ಅನ್ನು ಕಾಣದೆಯೇ!