ಶಹನಾಯಿ ಎಲ್ಲಿಟ್ರಿ ಮಾಸ್ಟ್ರೇ?

ನನ್ನದು ಢೋಲಕ್. ಅದಕ್ಕಿರೋದು ಎರಡೇ ಬದಿ, ಎಡ ಮತ್ತು ಬಲ. ಹುಡುಕೋ ಪ್ರಶ್ನೆಯೇ ಇಲ್ಲ. ಕರೆಂಟು ಹೋದರೂ ಎರಡೂ ಅಲ್ಲೇ ಇರುತ್ತವೆ. ಹಾಗಾಗಿ ಕೀಬೋರ್ಡಿನ ಬಗ್ಗೆ ಮಾತಾಡೋಕೆ ನನಗೆ ಯೋಗ್ಯತೆಯೇ ಇಲ್ಲ ಅಂತ ನಮ್ಮ ರಸಮಂಜರಿ ತಂಡದ ಕೀಬೋರ್ಡ್ ಮಾಸ್ಟ್ರು ಆಗಾಗ ತೀರ್ಪು ಕೊಡ್ತಾರೆ. ಇರಬಹುದು. ಆದರೆ ವೇದಿಕೆ ಮೇಲೆ ಅವರ ಮಗ್ಗುಲಲ್ಲೇ ಕೂರೋನು ನಾನು. ಆ ಅಂಗೈಯಗಲದ ಪರದೆಯಲ್ಲಿ ಅವರು ಏನೇನು ಹುಡುಕ್ತಾರೆ, ಸಿಗದಿದ್ದಾಗ ಯಾರ್ಯಾರನ್ನ ಬೈಕೊಳ್ತಾರೆ ಅನ್ನೋದು ದೇವರಿಗೆ ಬಿಟ್ಟರೆ ನನಗೇ ಗೊತ್ತು.

ಅವರ ಕಷ್ಟ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಕಾಲೆಳೆದರೆ ಪಾಪ ತಟ್ಟಲ್ಲ. ಹಳೇ ಸಿನಿಮಾ ಹಾಡಿನ ರೆಕಾರ್ಡಿಂಗಿಗೆ ಸ್ಟುಡಿಯೋ ತುಂಬ ವಾದ್ಯಗಾರರು ಕೂತಿರ್ತಿದ್ದರು. ಪಿಟೀಲಿನವರದೇ ಒಂದು ಸಾಲು, ಆಮೇಲೆ ಕೊಳಲು, ಸಿತಾರ್, ಸಂತೂರ್, ಮದುವೆ ಸೀನ್ ಇದ್ದರೆ ಶಹನಾಯಿ. ಗಣಪತಿ ಪೆಂಡಾಲಿನಲ್ಲಿ ಅಷ್ಟೂ ಜನರ ಪರವಾಗಿ ಹಾಜರಿ ಹಾಕೋರು ಇವರೊಬ್ಬರೇ. ಪಲ್ಲವಿ ಮುಗಿದು ಚರಣ ಹಿಡಿಯೋಷ್ಟರಲ್ಲಿ ಪಿಟೀಲಾಗಿ, ಕೊಳಲಾಗಿ, ಶಹನಾಯಿಯಾಗಿ ಮತ್ತೆ ಪಿಟೀಲಿಗೆ ವಾಪಸ್ ಬರಬೇಕು. ಬಲಗೈ ಒಂದು ಬಿಟ್ ನುಡಿಸ್ತಿರುವಾಗಲೇ ಎಡಗೈ ಮುಂದಿನ ಟೋನ್‌ಗೆ ತಡಕಾಡ್ತಿರುತ್ತೆ. ತಲೆ ಮಾತ್ರ ತೂಗ್ತಾ ಇರಬೇಕು, ಜನರಿಗೆ ಅನುಮಾನ ಬರಬಾರದಲ್ಲ.

ಈ ತಡಕಾಟಕ್ಕೆ ಅರ್ಧ ಕಾರಣ ಟೋನ್‌ಗಳ ಪಟ್ಟಿ ಮಾಡಿದವರು. ಜಪಾನಿನ ರೋಲ್ಯಾಂಡ್ ಕಂಪನಿಯ ಇಕುಟಾರೊ ಕಾಕೆಹಾಶಿ, ಅಮೆರಿಕದ ಡೇವ್ ಸ್ಮಿತ್ ಮೊದಲಾದವರು ಸೇರಿ 1983ರಲ್ಲಿ ಮಿಡಿ ಅನ್ನೋ ಏರ್ಪಾಡು ತಂದರು. ಯಾವ ಕಂಪನಿಯ ಕೀಬೋರ್ಡ್ ಆದರೂ ಇನ್ನೊಂದರ ಜೊತೆ ಮಾತಾಡಬಹುದು ಅಂತ. 1991ರಲ್ಲಿ ಅದಕ್ಕೊಂದು ಧ್ವನಿಪಟ್ಟಿಯೂ ಬಂತು, ಹೆಸರು ಜನರಲ್ ಮಿಡಿ. ಒಟ್ಟು 128 ಧ್ವನಿ, ಎಂಟೆಂಟರಂತೆ ಹದಿನಾರು ಮನೆತನ. ಒಂದನೇ ನಂಬರಿಗೆ ಪಿಯಾನೊ, 41ಕ್ಕೆ ಪಿಟೀಲು, 74ಕ್ಕೆ ಫ್ಲೂಟ್, 105ಕ್ಕೆ ಸಿತಾರ್. ಶಹನಾಯಿ 112, ಬ್ಯಾಗ್‌ಪೈಪ್ ಮತ್ತು ಫಿಡಲ್ ಕೂತಾದ ಮೇಲೆ ಆ ಮನೆತನದಲ್ಲಿ ಉಳಿದ ಕೊನೇ ಕುರ್ಚಿ. ವೀಣೆ ಇಲ್ಲ. ನಾಗಸ್ವರ ಇಲ್ಲ. ನಮ್ಮ ಬಿದಿರ ಕೊಳಲೂ ಇಲ್ಲ. ಆದರೆ ಜಪಾನಿನ ಬಿದಿರ ಕೊಳಲು ಶಾಕುಹಾಚಿಗೆ 78ರಲ್ಲಿ ಖಾಯಂ ಜಾಗ! ಕೃಷ್ಣನ ಹಾಡಿಗೆ ಮಾಸ್ಟ್ರು ಅದನ್ನೇ ಒತ್ತಿ, ಸ್ವಲ್ಪ ಬೆಂಡ್ ಕೊಟ್ಟು, ಬೃಂದಾವನಕ್ಕೆ ಕರೆದುಕೊಂಡು ಹೋಗ್ತಾರೆ.

ಈ ಪಟ್ಟಿಯ ಕೊನೆಯಲ್ಲಿರೋ ಸಂಸಾರ ನೋಡಬೇಕು ನೀವು. 124 ಹಕ್ಕಿಯ ಚಿಲಿಪಿಲಿ, 125 ಟೆಲಿಫೋನ್ ಗಂಟೆ, 126 ಹೆಲಿಕಾಪ್ಟರ್, 127 ಚಪ್ಪಾಳೆ, 128 ಗುಂಡೇಟು. ಮುಖ್ಯ ಅತಿಥಿಗಳ ಭಾಷಣಕ್ಕೆ ಜನ ಚಪ್ಪಾಳೆ ಹೊಡೀಲಿಲ್ಲ, ನೀವಾದರೂ ಒಂದು ಒತ್ತಿಬಿಡಿ ಅಂತ ನಿರೂಪಕರು ಕಣ್ಸನ್ನೆ ಮಾಡಿದರೆ ಮಾಸ್ಟ್ರ ಕೈ ಯಾಕೆ ನಡುಗುತ್ತೆ ಅಂತ ಈಗ ಅರ್ಥ ಆಯ್ತಲ್ಲ.

ಸಾಲದ್ದಕ್ಕೆ ಇವತ್ತಿನ ಸ್ಟೇಜ್ ಕೀಬೋರ್ಡುಗಳಲ್ಲಿ ಧ್ವನಿಗಳು 128ಕ್ಕೆ ನಿಲ್ಲಲ್ಲ, ಸಾವಿರ ದಾಟುತ್ತವೆ. ಮಿಡಿಯಲ್ಲಿ ಒಂದು ಸಲಕ್ಕೆ 128ರ ಮೇಲೆ ಲೆಕ್ಕ ಹೋಗಲ್ಲ, ಆದ್ದರಿಂದ ಬ್ಯಾಂಕು ಅಂತ ಮಾಡಿ, ಬ್ಯಾಂಕಿನೊಳಗೆ ನಂಬರು ಅಂತ ಇಟ್ಟರು. ಮಾಸ್ಟ್ರಿಗೆ ತಮ್ಮ ದುಡ್ಡಿರೋ ಬ್ಯಾಂಕಿನ ಖಾತೆ ನಂಬರು ನೆನಪಿಲ್ಲ, ಈ ಬ್ಯಾಂಕಿನದು ಮಾತ್ರ ನಿದ್ದೆಗಣ್ಣಲ್ಲೂ ಹೇಳ್ತಾರೆ.

ಧ್ವನಿಯನ್ನ ನೆನಪಿಟ್ಟುಕೊಳ್ಳೋ ಯಂತ್ರವೇ ಒಂದು ಕಾಲಕ್ಕೆ ಇರಲಿಲ್ಲ ಅಂತ ಹೇಳಿದರೆ ಅವರು ನಂಬಲ್ಲ. 1970ರಲ್ಲಿ ಬಂದ ಸಿಂಥಸೈಜರ್ ಮಿನಿಮೂಗ್‌ಗೆ ಜ್ಞಾಪಕಶಕ್ತಿ ಅನ್ನೋದೇ ಇಲ್ಲ. ಕಾಗದದ ಮೇಲೆ ಅದರ ಗುಂಡಿಗಳ ಚಿತ್ರ ಅಚ್ಚಾಗಿರ್ತಿತ್ತು, ಯಾವ ಗುಂಡಿ ಎಲ್ಲಿಗೆ ತಿರುಗಿರಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡು, ಹಾಡು ಬದಲಾದಾಗ ಒಂದೊಂದಾಗಿ ತಿರುಗಿಸಬೇಕು. 1978ರಲ್ಲಿ ಇದೇ ಡೇವ್ ಸ್ಮಿತ್ ಪ್ರಾಫೆಟ್-5 ಅನ್ನೋ ಸಿಂಥಸೈಜರ್ ತಂದರು, ಅದರೊಳಗೆ 40 ಧ್ವನಿ ಉಳಿಸಿಡಬಹುದಾಗಿತ್ತು. ಒಂದು ಗುಂಡಿ ಒತ್ತಿದರೆ ಸಾಕು, ಧ್ವನಿ ಹಾಜರು. ಕೇವಲ 40! ಜನ ಅಷ್ಟಕ್ಕೇ ಬಾಯಿಬಿಟ್ಟು ನೋಡಿದರು. ನಮ್ಮವರು ಸಾವಿರ ಇಟ್ಟುಕೊಂಡು "ಒಂದೂ ಸರಿಯಿಲ್ಲ ಕಣೋ" ಅಂತಾರೆ.

ಹಾಗೆ ಹೇಳೋದರಲ್ಲೂ ಸತ್ಯ ಇದೆ ಅನ್ನಿ. ಕಂಪನಿಯವರು ಕೊಡೋ ಟೋನ್‌ಗಳು ಅಂಗಡಿಯಲ್ಲಿ ನಮ್ಮನ್ನ ಮರುಳು ಮಾಡೋಕೆ ಹುಟ್ಟಿದವು. ಹೆಡ್‌ಫೋನ್ ಹಾಕಿ ಒಂದು ಮನೆ ಒತ್ತಿದರೆ ಎಡಕಿವಿಯಿಂದ ಬಲಕಿವಿಗೆ ಅಲೆ ಹರಿಯುತ್ತೆ, ಗವಿಯೊಳಗೆ ನುಡಿಸಿದ ಹಾಗೆ ಗುಂಯ್‌ಗುಡುತ್ತೆ. ಹೆಸರುಗಳೋ, ಮುಟ್ಟೋಕೆ ಮೊದಲೇ ಮೈ ಜುಮ್ಮೆನ್ನಬೇಕು: 1987ರ ರೋಲ್ಯಾಂಡ್ ಡಿ-50ಯಲ್ಲಿ 'ಫ್ಯಾಂಟೇಸಿಯಾ', ಮರುವರ್ಷದ ಕಾರ್ಗ್ ಎಂ1ನಲ್ಲಿ 'ಯೂನಿವರ್ಸ್'. ಚೆನ್ನಾಗೇ ಇವೆ, ಅದರಲ್ಲೂ ಡಿ-50ಯದ್ದು ಆ ಕಾಲದ ಹಾಡುಗಳಲ್ಲೆಲ್ಲ ಹಬ್ಬಿತ್ತು. ಆದರೆ ಪೆಂಡಾಲಿನಲ್ಲಿ ಬೇಸ್ ಏರಿಸಿ, ಎಡ ಬಲ ಒಂದೇ ಮಾಡಿ ಬಿಟ್ಟಿರೋ ಸ್ಪೀಕರಿನಲ್ಲಿ ಇಡೀ ಬ್ರಹ್ಮಾಂಡ ಹೋಗಿ ಒಂದು ಮುದ್ದೆ ಸದ್ದು ಉಳಿಯುತ್ತೆ. ಎರಡು ಕಿವಿಗೆ ಹಂಚಿ ತಯಾರಿಸಿದ ಪಿಯಾನೊ ಒಂದೇ ಬಾಯಲ್ಲಿ ಬಂದಾಗ ತೆಳ್ಳಗೆ ತಗಡಾಗುತ್ತೆ. ವೇದಿಕೆಗೆ ಬೇಕಾದ್ದು ಎಕೋ ಕಮ್ಮಿ ಇರೋ, ನೇರವಾಗಿ ಚುಚ್ಚೋ ಟೋನ್. ಮನೆಯಲ್ಲಿ ಕೇಳಿದರೆ ಒಣಒಣ ಅನಿಸೋದೇ ಮೈದಾನದಲ್ಲಿ ಕೊನೇ ಸಾಲಿಗೂ ತಲುಪುತ್ತೆ. ಟೋನ್ ಆರಿಸೋದು ಬೆಡ್‌ರೂಮಿನಲ್ಲಿ ಅಲ್ಲ, ಸಂಜೆ ಸೌಂಡ್ ಚೆಕ್ ವೇಳೆ, ಸೌಂಡ್‌ನವನಿಗೆ ಟೀ ಕೊಡಿಸಿ.

ಇನ್ನು ಜೋಡಣೆ. ಕಂಪನಿ ಜೋಡಿಸೋದು ಜಾತಿವಾರು: ಪಿಯಾನೊಗಳೆಲ್ಲ ಒಂದು ಕಡೆ, ತಂತಿ ಒಂದು ಕಡೆ, ಗಾಳಿವಾದ್ಯ ಇನ್ನೊಂದು ಕಡೆ. ನಮ್ಮಜ್ಜಿ ಬೀರುವಿನಲ್ಲಿ ಸೀರೆ ಇಡ್ತಿದ್ದದ್ದು ಹಾಗಲ್ಲ. ರೇಷ್ಮೆ, ನೂಲು ಅಂತ ಬೇರೆ ಮಾಡದೆ, ಯಾವುದು ಮದುವೆಗೆ, ಯಾವುದು ಜಾತ್ರೆಗೆ, ಯಾವುದು ಆಸ್ಪತ್ರೆಗೆ ನೋಡೋಕೆ ಹೋಗುವಾಗ ಅಂತ ಸೀರೆ, ಕುಪ್ಪಸ, ಲಂಗ ಒಟ್ಟಿಗೆ ಮಡಚಿಡ್ತಿದ್ದಳು. ಕೀಬೋರ್ಡಿನಲ್ಲೂ ಅದೇ ಸರಿ. ಒಂದು ಹಾಡಿಗೆ ಬೇಕಾದ ಪಿಟೀಲು, ಕೊಳಲು, ಶಹನಾಯಿ ಅಕ್ಕಪಕ್ಕ ಇರಬೇಕು. ಇದನ್ನ ತಯಾರಿಸೋರೂ ತಡವಾಗಿ ಒಪ್ಪಿಕೊಂಡರು. 2011ರ ಕಾರ್ಗ್ ಕ್ರೋನೋಸ್‌ನಲ್ಲಿ ಸೆಟ್ ಲಿಸ್ಟ್ ಅಂತಲೇ ಒಂದು ಪುಟ ಇದೆ. ಪರದೆ ಮೇಲೆ ಹದಿನಾರು ದೊಡ್ಡ ಚೌಕ, ಬೆರಳಿಟ್ಟರೆ ಟೋನ್. ಟೋನ್ ಬದಲಾದಾಗ ಹಿಂದಿನ ಸ್ವರ ಕತ್ತರಿಸಿ ಬೀಳದೆ ತಾನಾಗಿ ಕರಗುತ್ತೆ. ಕಮ್ಮಿ ಬೆಲೆಯವುಗಳಲ್ಲಿ 'ಫೇವರಿಟ್' ಗುಂಡಿ ಇರುತ್ತೆ, ಕೆಲಸಕ್ಕೆ ಅಷ್ಟು ಸಾಕು. ಅದಿಲ್ಲದೆ ಚಕ್ರ ತಿರುಗಿಸಿಕೊಂಡು 74ರ ಫ್ಲೂಟಿಂದ 112ರ ಶಹನಾಯಿಗೆ ಹೋಗೋರಿಗೆ ದಾರಿಯಲ್ಲಿ 102 ಸಿಗುತ್ತೆ. ಆ ಟೋನಿನ ಹೆಸರು 'ಗಾಬ್ಲಿನ್ಸ್', ಅಂದರೆ ಪಿಶಾಚಿ ಮರಿಗಳು. ತಾಳಿ ಕಟ್ಟೋ ಹಾಡಿನ ಮಧ್ಯೆ ಬೆರಳು ಮನೆ ಮೇಲೇ ಉಳಿದಿದ್ದರೆ ವಧೂವರರ ಗತಿ ನೀವೇ ಯೋಚಿಸಿ.

ನಮ್ಮ ಮಾಸ್ಟ್ರು ತಾವೇ ತಿದ್ದಿದ ಟೋನ್‌ಗಳನ್ನ ಉಳಿಸೋ ರೀತಿ ಇನ್ನೂ ಸೊಗಸು. ಮೊದಲು 'ಫ್ಲೂಟ್ ನ್ಯೂ' ಅಂತ ಇಡ್ತಾರೆ. ಆಮೇಲೆ 'ಫ್ಲೂಟ್ ನ್ಯೂ 2'. ಆಮೇಲೆ 'ಫ್ಲೂಟ್ ಫೈನಲ್', 'ಫ್ಲೂಟ್ ಫೈನಲ್ ಓಕೆ'. ನುಡಿಸೋದು ಮಾತ್ರ 'ಫ್ಲೂಟ್ ನ್ಯೂ'. ಉಳಿದವು ಯಾಕೆ ಅಂತ ಕೇಳಿದರೆ "ಇರಲಿ ಬಿಡೋ, ಬೇಕಾಗುತ್ತೆ". ಒಂದೊಂದರ ವಾಲ್ಯೂಮು ಒಂದೊಂದು ಥರ ಬೇರೆ. ಕೊಳಲಿಗೆ ಕಿವಿಗೊಟ್ಟು ಕೂತ ಅಜ್ಜನಿಗೆ ಮುಂದಿನ ಟೋನ್ ಕಪಾಳಕ್ಕೆ ಬಿದ್ದಂತಾಗುತ್ತೆ. ಎಲ್ಲ ಟೋನ್‌ಗಳ ಮಟ್ಟ ಒಂದೇ ಮಾಡಿ ಉಳಿಸೋಕೆ ಒಂದು ಮಧ್ಯಾಹ್ನ ಸಾಕು, ಆದರೆ ಆ ಮಧ್ಯಾಹ್ನ ಯಾವತ್ತೂ ಬಿಡುವಾಗಲ್ಲ.

ಪೆನ್‌ಡ್ರೈವ್ ವ್ಯಾಪಾರ ಅಂತೊಂದಿದೆ. ಇಂಥ ಸಿನಿಮಾದ ಶಹನಾಯಿ, ಇಂಥವರ ಕೊಳಲು ಅಂತ ಟೋನ್‌ಗಳನ್ನ ಮಾರ್ತಾರೆ, ಗೆಳೆಯರು ಪುಕ್ಕಟೆಯೂ ಕೊಡ್ತಾರೆ. ಒಂದೊಂದೇ ಟೋನ್ ಹಾಕಿಕೊಂಡರೆ ತೊಂದರೆ ಇಲ್ಲ. ಇನ್ನೊಬ್ಬರ ಪೂರ್ತಿ ಬ್ಯಾಕಪ್ ರಿಸ್ಟೋರ್ ಮಾಡಿದರೆ ಅವರ ಸಂಸಾರ ಒಳಗೆ ಬಂದು ನಮ್ಮದು ಬೀದಿಗೆ ಬೀಳುತ್ತೆ. ಯಂತ್ರ ಒಂದು ಸಲ ಕೇಳುತ್ತೆ, "ಖಂಡಿತವೇ?" ಅಂತ. ಕಾರ್ಯಕ್ರಮಕ್ಕೆ ಹೊರಡೋ ಅವಸರದಲ್ಲಿ ಯಾರೂ ಇಲ್ಲ ಅನ್ನಲ್ಲ. ಮೊದಲು ತಮ್ಮದನ್ನ ಇನ್ನೊಂದು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು, ಅದನ್ನ ಕೀಬೋರ್ಡಿನ ಚೀಲದಲ್ಲೇ ಇಡಬಾರದು.

ಹಾಡಿನ ಪ್ರಕಾರ ಜೋಡಿಸಿದರೂ ಪೂರ್ತಿ ಬಚಾವ್ ಅಲ್ಲ. ಯಾಕಂದರೆ ನಮ್ಮಲ್ಲಿ ಕೇಳುಗರಿಂದ ಹಾಡಿನ ಚೀಟಿ ಬರುತ್ತೆ. ಸಂಜೆ ಬರೆದುಕೊಂಡ ಕ್ರಮ ಮೂರನೇ ಹಾಡಿಗೇ ಮುಗೀತು. ಊರ ಮುಖಂಡರಿಗೆ ರಾಜಣ್ಣನ ಹಾಡು, ಹುಡುಗರಿಗೆ ಟಪ್ಪಾಂಗುಚ್ಚಿ, ನಡುವೆ ಸನ್ಮಾನ. ಅದಕ್ಕೆ ನನ್ನ ಸಲಹೆ, ಮಾಸ್ಟ್ರು ಒಪ್ಪದಿದ್ದರೂ: ಪ್ರತಿ ಸಲ ಬಂದೇ ಬರೋ ಹಾಡುಗಳಿಗೆ ಒಂದೊಂದು ಜಾಗ ಇರಲಿ, ಉಳಿದ ಯಾವ ಹಾಡಿಗೂ ಸಲ್ಲೋ ಒಂದು ಪುಟ ಬೇರೆ ಇರಲಿ. ಪಿಯಾನೊ, ಪಿಟೀಲು ಸಾಲು, ಕೊಳಲು, ಶಹನಾಯಿ, ಸಿತಾರ್, ಹಾರ್ಮೋನಿಯಂ, ಬ್ರಾಸ್, ಒಂದು ಗಂಟೆ. ಪುಟ ಯಾವುದಾದರೂ ಕೊಳಲು ಎಡತುದಿಯಲ್ಲೇ, ಶಹನಾಯಿ ಅದರ ಪಕ್ಕದಲ್ಲೇ. ಆಗ ಕಣ್ಣು ಪರದೆಗೆ ಹೋಗಬೇಕಿಲ್ಲ, ಬೆರಳಿಗೇ ದಾರಿ ಗೊತ್ತಿರುತ್ತೆ. ಸಾವಿರ ಟೋನ್ ಇರೋ ಕೀಬೋರ್ಡಿಗೆ ದುಡ್ಡು ಕೊಟ್ಟು ಎಂಟೇ ಬಳಸೋದಾ ಅಂತ ಅವರ ಸಂಕಟ. ಬಳಸಿ ಮಾಸ್ಟ್ರೇ, ಯಾರೂ ಲೆಕ್ಕ ಹಾಕಲ್ಲ.

ಕೇಳುಗರಲ್ಲೂ ಒಂದು ವಿನಂತಿ. ಚೀಟಿ ಕಳಿಸೋದಾದರೆ ಒಂದು ಹಾಡು ಮುಂಚೆ ಕಳಿಸಿ. ಬರೀ ನಾಯಕನ ಹೆಸರು ಬರೆದು 'ಆ ಮಳೆ ಹಾಡು' ಅನ್ನಬೇಡಿ, ಹಾಡಿನ ಮೊದಲ ಸಾಲು ಬರೆಯಿರಿ. ನಿರೂಪಕರು ಸುಮ್ಮಸುಮ್ಮನೆ ಜೋಕು ಹೇಳ್ತಿದ್ದಾರೆ ಅನಿಸಿದರೆ ದಯವಿಟ್ಟು ನಕ್ಕುಬಿಡಿ. ಹಿಂದೆ ಮಾಸ್ಟ್ರಿಗೆ ಇನ್ನೂ ಟೋನ್ ಸಿಕ್ಕಿರಲ್ಲ.