ಫುಸ್, ಫುಸ್, ಫುಸ್

ಹಳೆಯ ಮಜ್ದಾ ಆರ್‌ಎಕ್ಸ್-7ರ ರೋಟರಿ ಎಂಜಿನ್ ಮಾರುವವರೆಲ್ಲರ ಮಾತೂ ಒಂದೇ: "ಬಿಚ್ಚಿಡುವಾಗ ಚೆನ್ನಾಗಿಯೇ ಓಡುತ್ತಿತ್ತು!" ಇರಬಹುದು. ನಮ್ಮ ತಾತನವರೂ ಒಂದು ಕಾಲದಲ್ಲಿ ಓಡುತ್ತಿದ್ದರು.

ಆದ್ದರಿಂದ ಕಾರಿಗೆ ಏರಿಸುವ ಮೊದಲು, ನೆಲದ ಮೇಲಿದ್ದಾಗಲೇ ಕಂಪ್ರೆಷನ್ ನೋಡಬೇಕು. ಬೆಲ್ ಹೌಸಿಂಗ್‌ಗೆ ಸ್ಟಾರ್ಟರ್ ಬಿಗಿದು, ಸ್ಪಾರ್ಕ್ ಪ್ಲಗ್ ಬಿಚ್ಚಿದ ತೂತಿಗೆ ಗೇಜು ಕೂರಿಸಿ, ತುಂಬು ಚಾರ್ಜಿನ ಬ್ಯಾಟರಿಯಿಂದ ತಿರುಗಿಸಬೇಕು. ಒತ್ತಡದ ಲೆಕ್ಕ ನಿಮಿಷಕ್ಕೆ 250 ಸುತ್ತಿನದು. ಇಲ್ಲೊಂದು ತಕರಾರಿದೆ. ರೋಟರ್ ಎಂಬ ಈ ತ್ರಿಕೋನಮೂರ್ತಿಗೆ ಮೂರು ಮುಖ, ಒಂದೊಂದಕ್ಕೂ ಅದರದೇ ಒತ್ತಡ. ಪಿಸ್ಟನ್ ಎಂಜಿನ್ನಿನ ಗೇಜು ಮೂರರಲ್ಲಿ ಹೆಚ್ಚಿನದನ್ನೇ ಹಿಡಿದುಕೊಂಡು ಕೂರುತ್ತದೆ, ಉಳಿದೆರಡರ ಗುಟ್ಟು ಬಿಡುವುದಿಲ್ಲ. ಅದರ ಗಾಳಿ ಬಿಡುವ ವಾಲ್ವ್ ಒತ್ತಿ ಹಿಡಿದರೆ ಮಾತ್ರ ಮುಳ್ಳು ಮೂರು ಸಲ ಕುಣಿಯುತ್ತದೆ. ಕುಣಿತ ಜೋರಾಗಿಯೂ ಸಮನಾಗಿಯೂ ಇದ್ದರೆ ಸರಿ. ಒಂದು ಜೋರು, ಎರಡು ಸಪ್ಪೆ ಆದರೆ ರೋಟರಿನ ಮೂಲೆಯಲ್ಲಿರುವ ಅಪೆಕ್ಸ್ ಸೀಲಿನ ಮೇಲೆ ಅನುಮಾನ: ಒಂದು ಸೀಲ್ ಮುರಿದರೆ ಅಕ್ಕಪಕ್ಕದ ಎರಡೂ ಕೋಣೆ ಸೋರುತ್ತವಲ್ಲ.

ಕೆಲವು ಜಾಣರು ಮೊದಲೇ ಒಳಗೆ ಒಂದಿಷ್ಟು ಆಯಿಲ್ ಸುರಿದಿಟ್ಟಿರುತ್ತಾರೆ. ಅದು ಸಂದುಗಳನ್ನು ಮುಚ್ಚಿದರೆ ಸತ್ತ ಎಂಜಿನ್ನೂ ಗೇಜಿನ ಮುಂದೆ ಎದೆಯುಬ್ಬಿಸುತ್ತದೆ. ಇನ್ನೂ ಸ್ವಲ್ಪ ಹೊತ್ತು ತಿರುಗಿಸಿ, ಆಯಿಲ್ ಉಗುಳಿಸಿ, ಮತ್ತೆ ಅಳೆಯಿರಿ. ಬೆಲೆಯ ಮಾತು ಆಮೇಲೆ ಎತ್ತಿದರಾಯಿತು. ಅಷ್ಟರಲ್ಲಿ ಮಾರುವವರೇ ಅರ್ಧ ಇಳಿದಿರುತ್ತಾರೆ.